ಹಳೆ ಫ್ರಿಜ್ಜಿಗೊಂದು ನಳ: ಕಲಬುರಗಿ ಬ್ಯಾಸಗಿಗೆ ಮಜ್ಜಿಗೆ ಪೆಟ್ಟಿಗೆ ಮಾಡುವ ಬಗೆ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಬಿಸಿಲಿಗೆ ಸರ್ಕಾರವೇ ಮಣಿಯುವ ಸೀಮೆ ಇದು. ಆದರೆ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೆ, ಆಟೋದವರಿಗೆ, ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಓಣಿ ಓಣಿ ತಿರುಗುವ ಕಾಯಿಪಲ್ಲೆ ಅಕ್ಕಂದಿರಿಗೆ ಒಂದೂವರೆಗೆ ಮನೆ ಸೇರುವ ಆ ರಿಯಾಯಿತಿ ಇಲ್ಲ. ಅವರಿಗಾಗಿ ಮನೆ ಮುಂದೆ ಅರವಟಿಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಎರಡು ಮಣ್ಣಿನ ಹರವಿ, ಮೇಲೊಂದು ಒದ್ದೆ ಬಟ್ಟೆ, ಪಕ್ಕದಲ್ಲಿ ಚರಗಿ. ನೀರಿಗೆ ಅಷ್ಟು ಸಾಕು. ಬ್ಯಾಸಗಿಯ ಒಣ ಗಾಳಿಯಲ್ಲಿ ಹರವಿಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಅದಕ್ಕಿಂತ ಹಿತವಾದ ನೀರನ್ನು ಯಾವ ಯಂತ್ರವೂ ಕೊಡಲಾರದು ಎಂದೇ ನಾನು ನಂಬಿದ್ದೇನೆ.

ತೊಂದರೆ ಇರುವುದು ಮಜ್ಜಿಗೆಯದು. ಬೆಳಗ್ಗೆ ಒಂಬತ್ತಕ್ಕೆ ಕಡೆದು ಇಟ್ಟ ಮಜ್ಜಿಗೆ 42 ಡಿಗ್ರಿಯ ದಿನ ಹರವಿಯಲ್ಲಿಟ್ಟರೂ ಹನ್ನೆರಡರ ಹೊತ್ತಿಗೆ ಹುಳಿ ಬರುತ್ತದೆ, ಎರಡಕ್ಕೆ ಬಾಯಿಗೆ ಇಡಲಾಗುವುದಿಲ್ಲ. ಜನ ಬರುವುದೇ ಆ ಹೊತ್ತಿಗೆ. ಮನೆಯ ಫ್ರಿಜ್ಜಿನಲ್ಲಿಟ್ಟು ಒಬ್ಬೊಬ್ಬರಿಗೂ ತೆಗೆದು ಕೊಡೋಣವೆಂದರೆ, ಬಾಗಿಲು ತೆರೆದಾಗಲೆಲ್ಲ ಒಳಗಿನ ತಂಪು ಗಾಳಿ ಕೆಳಗಿನಿಂದ ಸುರಿದುಹೋಗಿ ಬಿಸಿ ಗಾಳಿ ಮೇಲಿನಿಂದ ನುಗ್ಗುತ್ತದೆ. ಇಪ್ಪತ್ತು ಸಲ ತೆರೆದರೆ ಹಾಲೂ ಕೆಡುತ್ತದೆ, ಕಾಯಿಪಲ್ಲೆಯೂ ಬಾಡುತ್ತದೆ. ಮೂಲೆಯಲ್ಲಿ ಬಿದ್ದಿರುವ ಹಳೆ ಫ್ರಿಜ್ಜಿನ ಬಾಗಿಲಿಗೆ ನಳ ಕೂರಿಸಿ, ಬಾಗಿಲು ತೆರೆಯದೇ ಮಜ್ಜಿಗೆ ಹಿಡಿಯುವಂತೆ ಮಾಡುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ಯುಕ್ತಿ ನನ್ನದಲ್ಲ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರು 19 ಲೀಟರಿನ ಸ್ಟೀಲ್ ಪೀಪಾಯಿಗಳನ್ನು ಹಳೆ ಫ್ರಿಜ್ಜಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡಿನ ಒತ್ತಡದಿಂದ ಬಾಗಿಲ ಮೇಲಿನ ನಳಕ್ಕೆ ಹರಿಸುತ್ತಾರೆ. ಅದನ್ನು ಕೆಗರೇಟರ್ ಎನ್ನುತ್ತಾರೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ, ಮನೆಯಲ್ಲಾದರೂ ಅಷ್ಟೇ. ಹಾಗಾಗಿ ಅವರ ಫ್ರಿಜ್ಜಿನ ವಿದ್ಯೆಯನ್ನಷ್ಟೇ ತೆಗೆದುಕೊಳ್ಳೋಣ. ಮಜ್ಜಿಗೆಗೆ ಗ್ಯಾಸ್ ಸಿಲಿಂಡರೂ ಬೇಡ, ಒತ್ತಡವೂ ಬೇಡ. ಕ್ಯಾನು ಮೇಲೆ, ನಳ ಕೆಳಗೆ ಇದ್ದರೆ ಅದು ತಾನಾಗಿ ಇಳಿಯುತ್ತದೆ.

ಯಾವ ಫ್ರಿಜ್ ಆಗುತ್ತದೆ

165ರಿಂದ 190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ ಇದಕ್ಕೆ ಹೇಳಿ ಮಾಡಿಸಿದ್ದು. ಹಿಂಬದಿ ಕಪ್ಪು ಜಾಲರಿ ಹೊರಗೇ ಕಾಣುವ ಹಳೆ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಬಾಗಿಲಿನ, ಮಂಜು ಕಟ್ಟದ ಫ್ರಿಜ್ಜುಗಳಲ್ಲಿ ಫ್ಯಾನು, ಹೀಟರು, ವೈರು ಎಂದು ಗೋಜಲು ಹೆಚ್ಚು. ಅವುಗಳ ಗೊಡವೆಗೆ ಹೋಗಬೇಡಿ.

ಗುಜರಿಯಿಂದ ತರುವುದಾದರೆ ಅಲ್ಲೇ ಹಚ್ಚಿ ನೋಡಿ. ಕಂಪ್ರೆಸರ್ ಗುಂಯ್ ಎಂದರೆ ಸಾಲದು. ಅರ್ಧ ತಾಸಿನಲ್ಲಿ ಫ್ರೀಜರಿನ ತಗಡು ಪೂರ್ತಿ ತಣ್ಣಗಾಗಬೇಕು, ಹಿಂದಿನ ಜಾಲರಿ ಬಿಸಿಯಾಗಬೇಕು. ಫ್ರೀಜರಿನ ಒಂದು ಮೂಲೆ ಮಾತ್ರ ಮಂಜು ಕಟ್ಟಿ ಉಳಿದದ್ದು ಒಣಗಿದ್ದರೆ ಗ್ಯಾಸ್ ಕಡಿಮೆ ಇರಬಹುದು, ಎಲ್ಲೋ ಸೋರುತ್ತಿರಬಹುದು. ಅಂಥದ್ದನ್ನು ಅಗ್ಗವೆಂದು ತರಬೇಡಿ. ಬಾಗಿಲ ರಬ್ಬರಿಗೆ ಹತ್ತು ರೂಪಾಯಿ ನೋಟಿನ ಪರೀಕ್ಷೆ ಸಾಕು: ನೋಟನ್ನು ಸಂದಿಗಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಗಟ್ಟಿ, ಸಲೀಸಾಗಿ ಜಾರಿದರೆ ಅಲ್ಲಿ ಗಾಳಿ ಹೋಗುತ್ತದೆ. ನಾಲ್ಕೂ ಬದಿ ನೋಡಿ. ರಬ್ಬರ್ ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ, ಚೌಕಾಶಿಗೆ ಮುಂಚೆ ಗೊತ್ತಿದ್ದರೆ ಒಳ್ಳೆಯದು.

ಹಿಂಬದಿಯ ಅಥವಾ ಒಳಗೋಡೆಯ ಫಲಕದಲ್ಲಿ ಎರಡು ಸಂಗತಿ ಓದಿಕೊಳ್ಳಿ. ಒಂದು ಗ್ಯಾಸಿನ ಹೆಸರು. ಬಹಳ ಹಳೆಯದರಲ್ಲಿ ಆರ್-12, ಆಮೇಲಿನದರಲ್ಲಿ ಆರ್-134ಎ, ಈಚಿನದರಲ್ಲಿ ಆರ್-600ಎ ಎಂದಿರುತ್ತದೆ. ಆರ್-12 ಓಜೋನ್ ಪದರವನ್ನು ತಿನ್ನುವ ಗ್ಯಾಸು, 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಅದರ ಬಳಕೆ ನಿಂತಿತು. ಆರ್-600ಎ ಎಂದರೆ ಐಸೋಬ್ಯೂಟೇನ್. ಅಡುಗೆ ಗ್ಯಾಸಿನ ಬಳಗದ್ದು, ಹತ್ತಿ ಉರಿಯುತ್ತದೆ. ಯಾವ ಗ್ಯಾಸಿದ್ದರೂ ಪೈಪು ಮುಟ್ಟುವ ಕೆಲಸ ನಮ್ಮದಲ್ಲ, 600ಎ ಇದ್ದರಂತೂ ಖಂಡಿತ ಅಲ್ಲ. ಎರಡನೆಯದು ಹವಾಮಾನ ವರ್ಗದ ಅಕ್ಷರ. ಎಸ್‌ಟಿ ಎಂದಿದ್ದರೆ ಸುತ್ತಲಿನ ಗಾಳಿ 38 ಡಿಗ್ರಿ ಇರುವವರೆಗೆ, ಟಿ ಎಂದಿದ್ದರೆ 43 ಡಿಗ್ರಿಯವರೆಗೆ ಸರಿಯಾಗಿ ನಡೆಯುವಂತೆ ಮಾಡಿದ್ದು ಎಂದರ್ಥ. ನಮ್ಮೂರಿಗೆ ಟಿ ಬೇಕು. ಟಿ ಇದ್ದರೂ ಮೇ ತಿಂಗಳ ಮಧ್ಯಾಹ್ನ ಅದು ತನ್ನ ಶಕ್ತಿಯ ಅಂಚಿನಲ್ಲೇ ದುಡಿಯುತ್ತಿರುತ್ತದೆ ಎಂಬುದು ನೆನಪಿರಲಿ.

ತರುವಾಗ ನಿಲ್ಲಿಸಿಯೇ ತನ್ನಿ. ಅನಿವಾರ್ಯವಾಗಿ ಮಲಗಿಸಿ ತಂದರೆ ಒಂದು ದಿನ ಸುಮ್ಮನೆ ನಿಲ್ಲಿಸಿ ಆಮೇಲೆ ಕರೆಂಟು ಕೊಡಿ. ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ, ಅದು ಮರಳಿ ಇಳಿಯಬೇಕು. ತೀರ ಹಳೆ ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಕೊಂಡಿ ಇದ್ದರೆ ಮೊದಲ ದಿನವೇ ಕಿತ್ತುಹಾಕಿ. ಆಟವಾಡುವ ಮಕ್ಕಳು ಒಳಗೆ ಸೇರಿಕೊಂಡರೆ ಹೊರಬರಲು ದಾರಿ ಇರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ. ಹೊರಗೆ ಹಾಕಿದ ಶಾಖ ಹೋಗಲು ದಾರಿ ಬೇಕು. ಹಿಂದೆ ಗೇಣುದ್ದ ಜಾಗ ಬಿಡಿ, ತಲೆ ಮೇಲೆ ಗೋಣಿಚೀಲ ಒಟ್ಟಬೇಡಿ. ಟಿನ್ ಷೀಟಿನ ಗೂಡಿನೊಳಗೆ ಇಡಲೇಬೇಡಿ, ಮಧ್ಯಾಹ್ನ ಅದರೊಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ. ಬೇವಿನ ಮರದ ನೆರಳು ಬೀಳುವ, ಮೇಲೆ ಗಟ್ಟಿ ಮಾಡಿನ, ಉತ್ತರ ಅಥವಾ ಪೂರ್ವಕ್ಕೆ ಮುಖವಿರುವ ಕಟ್ಟೆ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಪಶ್ಚಿಮದ ಗೋಡೆಯಾದರೆ ಸಂಜೆ ಆರರವರೆಗೆ ಬಿಸಿಲು ಹೊಡೆದು ಶಹಾಬಾದಿ ಫರಸಿಯೇ ಕಾದ ಹಂಚಿನಂತಾಗಿರುತ್ತದೆ.

ನೆಲದ ಮೇಲೇ ಇಟ್ಟರೆ ನಳ ಮೊಣಕಾಲಿನ ಕೆಳಗೆ ಬರುತ್ತದೆ. ತಲೆ ಮೇಲೆ ಬುಟ್ಟಿ ಹೊತ್ತವರು ಅಷ್ಟು ಬಗ್ಗಲಾರರು. ಒಂದೂವರೆ ಅಡಿಯ ಇಟ್ಟಿಗೆ ಕಟ್ಟೆ ಕಟ್ಟಿಸಿ, ಇಲ್ಲವೇ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ. ಸ್ಟ್ಯಾಂಡಾದರೆ ಫ್ರಿಜ್ಜಿನ ಅಗಲಕ್ಕಿಂತ ಎರಡೂ ಬದಿ ಅರ್ಧ ಅಡಿ ಹೆಚ್ಚಿರಲಿ, ಗೋಡೆಗೊಂದು ಕ್ಲ್ಯಾಂಪ್ ಹೊಡೆಯಿರಿ. ತುಂಬಿದ ಕ್ಯಾನು, ಜೋತುಬೀಳುವ ಮಕ್ಕಳು, ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಳಗಿನ ಸಿದ್ಧತೆ

ಎರಡು ದಿನ ಬಾಗಿಲು ತೆಗೆದು ಬಿಸಿಲಿಗಿಡಿ. ಅಡುಗೆ ಸೋಡಾ ಕಲಸಿದ ಉಗುರುಬೆಚ್ಚಗಿನ ನೀರಲ್ಲಿ ಒಳಗೆಲ್ಲ ಒರೆಸಿ. ಬಾಗಿಲ ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಸು ಇರುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆಯದೆ ಮುಂದೆ ಹೋಗಬೇಡಿ. ಹಿಂದೆ ಕಂಪ್ರೆಸರಿನ ಗೂಡಿನಲ್ಲಿ ಜಿರಳೆ, ಇಲಿ ಕಡಿದ ವೈರು ಇದೆಯೇ ನೋಡಿ.

ಗಾಜಿನ ಹಲಗೆ, ಕಾಯಿಪಲ್ಲೆ ಡಬ್ಬಿ, ಫ್ರೀಜರಿನ ಕೆಳಗಿನ ಟ್ರೇ ಎಲ್ಲ ಹೊರಗೆ. ಫ್ರೀಜರ್ ಪೆಟ್ಟಿಗೆಯನ್ನು ಮಾತ್ರ ಅಲುಗಿಸಬೇಡಿ. ಅದರ ತಗಡಿನೊಳಗೇ ಗ್ಯಾಸ್ ಹರಿಯುತ್ತದೆ. ಹೆಚ್ಚು ಜಾಗ ಮಾಡಲೆಂದು ಅದನ್ನು ಬಗ್ಗಿಸಿದವರಿದ್ದಾರೆ. ಬಗ್ಗಿಸುವಾಗ ಸಣ್ಣ ಬಿರುಕು ಬಿಟ್ಟರೆ ಇಡೀ ಫ್ರಿಜ್ ತಗಡಿನ ಪೆಟ್ಟಿಗೆಯಷ್ಟೇ ಆಗಿ ಉಳಿಯುತ್ತದೆ.

ಫ್ರಿಜ್ಜಿನ ತಳ ಹಿಂದೆ ಮೆಟ್ಟಿಲಿನಂತೆ ಎದ್ದಿರುತ್ತದೆ, ಅದರ ಕೆಳಗೆ ಕಂಪ್ರೆಸರ್ ಇರುತ್ತದೆ. 20 ಲೀಟರಿನ ಕ್ಯಾನು ಮುಂದಿನ ಇಕ್ಕಟ್ಟಿನ ತಳದಲ್ಲಿ ಕೂರುವುದಿಲ್ಲ. ಮೆಟ್ಟಿಲಿನ ಎತ್ತರಕ್ಕೆ ಸರಿಯಾಗಿ ಮುಂದೆ ಎರಡು ಕಾಲಿನ ಹಲಗೆ ಮಾಡಿಸಿ, ಹಿಂದಿನ ಅಂಚು ಮೆಟ್ಟಿಲ ಮೇಲೆ ಕೂರಲಿ. 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಸಾಕು, ಅಂಚುಗಳಿಗೆ ಬಣ್ಣ ಬಳಿಯಿರಿ. ತುಂಬಿದ ಕ್ಯಾನು 23–24 ಕಿಲೋ ತೂಗುತ್ತದೆ. ಫ್ರಿಜ್ಜಿನ ಒಳತಳ ತೆಳು ಪ್ಲಾಸ್ಟಿಕ್, ಅದರ ಕೆಳಗೆ ಫೋಮ್ ಮಾತ್ರ. ಕಾಲುಗಳ ಕೆಳಗೆ ಇನ್ನೊಂದು ಪ್ಲೈವುಡ್ ತುಂಡು ಹಾಸದಿದ್ದರೆ ಅವು ಚುಚ್ಚಿ ಒಳಗಿಳಿಯುತ್ತವೆ.

ಕ್ಯಾನು ಮತ್ತು ನಳ

ಹೋಟೆಲಿನವರು ಬಳಸುವ, ತಳದ ಬಳಿ ನಳದ ತೂತಿರುವ ಸ್ಟೀಲ್ ಕ್ಯಾನು ಕೊಳ್ಳಿ. 304 ದರ್ಜೆಯ ಸ್ಟೀಲ್ ಎಂದು ಕೇಳಿ ತೆಗೆದುಕೊಳ್ಳಿ. ನಳ, ನಿಪ್ಪಲ್ (ನಳ ಜೋಡಿಸುವ ಗಿಡ್ಡ ಕೊಳವೆ), ನಟ್ಟು ಎಲ್ಲವೂ ಸ್ಟೀಲೇ ಆಗಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ನಿಕಲ್ ಲೇಪದ ಹಿತ್ತಾಳೆ ನಳ. ಅದು ನೀರಿಗೆ ಸರಿ, ಮಜ್ಜಿಗೆಗೆ ಸಲ್ಲದು. ಹುಳಿ ತಾಗಿದರೆ ಹಿತ್ತಾಳೆಯಿಂದ ತಾಮ್ರ ಬಿಡುತ್ತದೆ, ರುಚಿ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದಕ್ಕೇ. ಸತುವಿನ ಲೇಪದ ಕಬ್ಬಿಣದ (ಜಿಐ) ನಿಪ್ಪಲ್ಲೂ ಬೇಡ.

ಬೇಕಾದ ಸಾಮಾನು ಇಷ್ಟು: ಅರ್ಧ ಇಂಚಿನ ಸ್ಟೀಲ್ ನಳ ಒಂದು. ಬಾಗಿಲ ದಪ್ಪಕ್ಕಿಂತ ಎರಡು ಇಂಚು ಉದ್ದವಿರುವ, ಉದ್ದಕ್ಕೂ ಮರೆ (ತಿರುಪಿನ ಗೆರೆ) ಇರುವ ಅರ್ಧ ಇಂಚಿನ ಸ್ಟೀಲ್ ನಿಪ್ಪಲ್. ಎರಡು ಚೆಕ್‌ನಟ್ಟು, ಅಗಲ ಸ್ಟೀಲ್ ವಾಷರ್, ಸಿಲಿಕೋನ್ ವಾಷರ್. ಪೈಪು ಸಿಕ್ಕಿಸಲು ಎರಡು ಹೋಸ್ ಕಾಲರ್, ಕ್ಲಿಪ್ಪು. ಒಳವ್ಯಾಸ 12 ಮಿ.ಮೀ. ಇರುವ, ಆಹಾರಕ್ಕೆ ಬಳಸುವ ಸಿಲಿಕೋನ್ ಪೈಪು ಎರಡು ಅಡಿ. ಟೆಫ್ಲಾನ್ ಟೇಪು. ಬಿಯರಿನವರು ಬಳಸುವ ಸಣ್ಣ ಪೈಪು ನಮಗೆ ಆಗುವುದಿಲ್ಲ, ಮಜ್ಜಿಗೆಯ ಗಸಿ ಸಿಕ್ಕಿಕೊಳ್ಳುತ್ತದೆ.

ತೂತು ಎಲ್ಲಿ ಕೊರೆಯಬೇಕು

ಈ ಕೆಲಸದ ಜೀವ ಇರುವುದು ಇಲ್ಲೇ. ನಾನು ಮೊದಲ ಫ್ರಿಜ್ಜನ್ನು ಕಳೆದುಕೊಂಡದ್ದು ಈ ಹಂತದಲ್ಲಿ. ಪಕ್ಕದ ಗೋಡೆ ಬೋಳಾಗಿ ಕಂಡಿತು, ನಳಕ್ಕೆ ಅನುಕೂಲವೆಂದು ಅಲ್ಲಿ ಡ್ರಿಲ್ ಇಟ್ಟೆ. ತಗಡು ದಾಟಿದೊಡನೆ ಸುಸ್ಸೆಂದು ಸದ್ದು ಬಂತು. ಮೂರು ನಿಮಿಷದಲ್ಲಿ ಗ್ಯಾಸೆಲ್ಲ ಹೋಯಿತು. ಅದು ಜಾಲರಿ ಹೊರಗೆ ಕಾಣದ ಮಾದರಿ. ಅಂಥವುಗಳಲ್ಲಿ ಬಿಸಿ ಪೈಪನ್ನು ಪಕ್ಕದ ತಗಡಿನ ಹಿಂದೆಯೇ ಸುತ್ತಿರುತ್ತಾರೆ. ಫ್ರಿಜ್ ನಡೆಯುವಾಗ ಪಕ್ಕದ ಗೋಡೆ ಕೈಗೆ ಬಿಸಿ ಹತ್ತಿದರೆ ಒಳಗೆ ಪೈಪು ಇದೆ ಎಂದೇ ಅರ್ಥ. ನಮ್ಮ ಓಣಿಯ ಹಿರಿಯ ಫ್ರಿಜ್ ಮಿಸ್ತ್ರಿ ಅದನ್ನು ನೋಡಿ ತಲೆ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: “ಬಾಗಲ ಬಿಟ್ಟು ಬ್ಯಾರೆ ಕಡೆ ಕೈ ಹಚ್ಚಬ್ಯಾಡ್ರಿ. ಬಾಗಲದಾಗ ಫೋಮ್ ಬಿಟ್ರ ಏನೂ ಇರಂಗಿಲ್ಲ.”

ಆ ಮಾತೇ ಸೂತ್ರ. ಒಂಟಿ ಬಾಗಿಲಿನ ಸಾದಾ ಫ್ರಿಜ್ಜಿನ ಬಾಗಿಲಲ್ಲಿ ಹೊರಗೆ ತಗಡು, ಒಳಗೆ ಪ್ಲಾಸ್ಟಿಕ್, ನಡುವೆ ಎರಡು ಇಂಚಿನಷ್ಟು ಫೋಮ್. ಬಾಗಿಲ ಮೇಲೆ ದೀಪವೋ ಡಿಸ್‌ಪ್ಲೇಯೋ ಇದ್ದರೆ ಮಾತ್ರ ವೈರು ಇರುತ್ತದೆ, ಅಂಥದನ್ನು ಬಿಟ್ಟುಬಿಡಿ. ಬಾಗಿಲು ಬಂದು ತಾಗುವ ಚೌಕಟ್ಟನ್ನೂ ಮುಟ್ಟಬೇಡಿ. ಅಲ್ಲಿ ಬೆವರು ಕೂರದಿರಲೆಂದು ಕೆಲವು ಮಾದರಿಗಳಲ್ಲಿ ಬಿಸಿ ಪೈಪು ಹಾಯಿಸಿರುತ್ತಾರೆ.

ಬಾಗಿಲಲ್ಲಿ ಜಾಗ ಗುರುತಿಸಲು ಎರಡು ಅಳತೆ ಬೇಕು. ಖಾಲಿ ಕ್ಯಾನನ್ನು ಹಲಗೆ ಮೇಲೆ ಇಟ್ಟು ಅದರ ತೂತಿನ ಎತ್ತರ ಅಳೆಯಿರಿ. ಬಾಗಿಲ ತೂತು ಅದಕ್ಕಿಂತ ನಾಲ್ಕೈದು ಬೆರಳು ಕೆಳಗಿರಲಿ. ಪೈಪು ಕ್ಯಾನಿನಿಂದ ನಳದವರೆಗೆ ಎಲ್ಲೂ ಜೋಲದೆ ಇಳಿಜಾರಾಗಿಯೇ ಸಾಗಬೇಕು. ಜೋತ ಕಡೆ ಮಜ್ಜಿಗೆ ನಿಂತು ಮರುದಿನಕ್ಕೆ ನಾರುತ್ತದೆ. ಇನ್ನು ಅಡ್ಡಲಾಗಿ ಎಲ್ಲಿ? ಹಿಡಿಕೆಯ ಕಡೆ ಅಲ್ಲ, ತಿರುಗಣಿಯ ಕಡೆ. ಬಾಗಿಲು ತೆರೆದಾಗ ತಿರುಗಣಿಯ ಬಳಿಯ ಭಾಗ ಸ್ವಲ್ಪವೇ ಸರಿಯುತ್ತದೆ, ಹಿಡಿಕೆಯ ಬಳಿಯದು ಎರಡು ಅಡಿ ಸರಿಯುತ್ತದೆ. ತಿರುಗಣಿಯಿಂದ ಒಂದು ಗೇಣು ಒಳಗೆ ಕೊರೆದರೆ ಗಿಡ್ಡ ಪೈಪು ಸಾಕಾಗುತ್ತದೆ, ಜೋಲುವುದೂ ಇಲ್ಲ.

ಕರೆಂಟು ತೆಗೆದಿಡಿ. ಬಾಗಿಲ ಒಳಗಿನ ಬಾಟಲಿ ಕಟಕಟೆಗಳನ್ನು ಕಳಚಿ, ಇಲ್ಲದಿದ್ದರೆ ಕ್ಯಾನಿಗೆ ಒತ್ತುತ್ತವೆ. 4 ಮಿ.ಮೀ. ಬಿಟ್ಟಿನಿಂದ ಹೊರಗಿನಿಂದ ಒಳಗೆ ನೇರ ಸಣ್ಣ ತೂತು ಕೊರೆಯಿರಿ. ಆಮೇಲೆ ಹೋಲ್‌ಸಾ (ದೊಡ್ಡ ದುಂಡು ತೂತು ಕೊರೆಯುವ ಗರಗಸದ ಬಿಟ್ಟು) ಹಾಕಿ ಅರ್ಧ ಹೊರಗಿನಿಂದ, ಅರ್ಧ ಒಳಗಿನಿಂದ. ಒಂದೇ ಕಡೆಯಿಂದ ನುಗ್ಗಿಸಿದರೆ ಒಳಗಿನ ಪ್ಲಾಸ್ಟಿಕ್ ಸೀಳುತ್ತದೆ.

ಅರ್ಧ ಇಂಚಿನ ನಿಪ್ಪಲ್ಲಿನ ಹೊರವ್ಯಾಸ 21 ಮಿ.ಮೀ. ಇರುತ್ತದೆ. ಆದರೆ ನಿಪ್ಪಲ್ಲನ್ನು ನೇರ ಫೋಮಿನೊಳಗೆ ಕೂರಿಸಿ ನಟ್ಟು ಬಿಗಿದರೆ ಫೋಮ್ ಕುಗ್ಗಿ ತಗಡು ಒಳಗೆ ತಗ್ಗುತ್ತದೆ, ಜನ ನಳ ಎಳೆದಾಡಿದಂತೆ ಇನ್ನೂ ಸಡಿಲಾಗುತ್ತದೆ. ನಿಪ್ಪಲ್ ಒಳಗೆ ಸಲೀಸಾಗಿ ದಾಟುವಂಥ ಪಿವಿಸಿ ಪೈಪಿನ ತುಂಡನ್ನು ಬಾಗಿಲ ದಪ್ಪಕ್ಕೆ ಸರಿಯಾಗಿ ಕತ್ತರಿಸಿ, ಅದರ ಹೊರವ್ಯಾಸಕ್ಕೆ ತೂತು ಕೊರೆಯಿರಿ. ಮೊದಲು ಪಿವಿಸಿ, ಅದರೊಳಗೆ ನಿಪ್ಪಲ್. ಬಿಗಿತವನ್ನು ಪಿವಿಸಿ ತಾಳಿಕೊಳ್ಳುತ್ತದೆ. ಎರಡೂ ಬದಿ ಸಿಲಿಕೋನ್ ವಾಷರ್, ಸ್ಟೀಲ್ ವಾಷರ್, ನಟ್ಟು. ಸಂದಿಗೆ ಸಿಲಿಕೋನ್ ಸೀಲಂಟ್ ತುಂಬಿ 24 ತಾಸು ಒಣಗಲು ಬಿಡಿ, ವಿನಿಗರ್‌ನಂಥ ವಾಸನೆ ಪೂರ್ತಿ ಹೋಗಬೇಕು. ಸಂದಿ ಉಳಿದರೆ ಫೋಮಿಗೆ ತೇವ ಇಳಿಯುತ್ತದೆ, ಒದ್ದೆಯಾದ ಫೋಮ್ ತಂಪು ತಡೆಯುವುದಿಲ್ಲ.

ಮೊದಲು ಬರೀ ನೀರು ತುಂಬಿ ಒಂದು ರಾತ್ರಿ ಬಿಡಿ. ಸೋರಿದರೆ ಬೆಳಗ್ಗೆ ಗೊತ್ತಾಗುತ್ತದೆ.

ಕರೆಂಟಿನ ವಿಷಯ

ದಯವಿಟ್ಟು ಈ ಭಾಗವನ್ನು ಓದದೆ ಬಿಡಬೇಡಿ. ತಗಡಿನ ಮೈ, ಕೆಳಗೆ ಚೆಲ್ಲಿದ ನೀರು, ಒದ್ದೆ ಫರಸಿ ಮೇಲೆ ಬರಿಗಾಲಲ್ಲಿ ನಿಂತ ಮನುಷ್ಯ, ಕೈಯಲ್ಲಿ ಸ್ಟೀಲ್ ನಳ. ಹಳೆ ಕಂಪ್ರೆಸರಿನಿಂದ ಮೈಗೆ ಕರೆಂಟು ಸೋರಿದರೆ ಬಾಯಾರಿ ಬಂದವರ ಜೀವವೇ ಹೋಗಬಹುದು. ಮೂರು ಪಿನ್ನಿನ ಪ್ಲಗ್ಗು, ನಿಜವಾದ ಅರ್ಥಿಂಗ್, ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು), ಈ ಮೂರೂ ಇಲ್ಲದೆ ಬೀದಿಯ ಜನಕ್ಕೆ ಇದನ್ನು ತೆರೆಯಲೇಕೂಡದು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಎಲೆಕ್ಟ್ರಿಷಿಯನ್‌ನಿಂದ ಮೆಗ್ಗರ್ ಹಚ್ಚಿಸಿ ಕಂಪ್ರೆಸರಿನ ಇನ್ಸುಲೇಷನ್ ಪರೀಕ್ಷಿಸಿ. ಅಂಗಳದವರೆಗೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಇಟ್ಟಿಗೆ ಮೇಲಿಡುವುದು ಬೇಡ, ಗೋಡೆಗೆ ಎತ್ತರದಲ್ಲಿ ಪಾಯಿಂಟ್ ಹಾಕಿಸಿ. ನಳದ ಕೆಳಗೆ ನೀರು ಹಿಡಿಯುವ ಒಂದು ಬುಟ್ಟಿ (ಟಬ್ಬು) ಇಟ್ಟು, ಅದರಿಂದ ಪೈಪು ಹಾಕಿ ಚೆಲ್ಲಿದ್ದನ್ನು ಗಿಡದ ಬುಡಕ್ಕೆ ಹರಿಸಿದರೆ ನೆಲ ಒಣಗಿರುತ್ತದೆ. ಮಜ್ಜಿಗೆ ಚೆಲ್ಲಿದ ದಿನ ಆ ಪೈಪಿಗೆ ಒಂದು ಕೊಡ ನೀರು ಹಾಕಿ.

ಸಂಜೆ ವೋಲ್ಟೇಜ್ ಬೀಳುವ ಓಣಿಯಾದರೆ ಸ್ಟೆಬಿಲೈಜರ್ ಹಾಕಿ. ಕರೆಂಟು ಹೋಗಿ ತಟ್ಟನೆ ಬಂದಾಗ ಕಂಪ್ರೆಸರ್ ಒತ್ತಡದ ವಿರುದ್ಧ ಶುರುವಾಗಲಾರದೆ ತಿಣುಕಿ ಸುಡುತ್ತದೆ. ಮೂರು ನಿಮಿಷ ತಡೆದು ಕರೆಂಟು ಕೊಡುವ ಸ್ಟೆಬಿಲೈಜರನ್ನೇ ಕೇಳಿ.

ಫ್ರಿಜ್ಜಿನ ಥರ್ಮೋಸ್ಟಾಟ್ ಸರಿ ಇದ್ದರೆ ಅದೇ ಸಾಕು. ಹಾಳಾಗಿದ್ದರೆ ಹೊರಗಿನಿಂದ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಜೋಡಿಸಬಹುದು. ಅದರ ಸೆನ್ಸರನ್ನು ಒಳಗಿನ ಗಾಳಿಯಲ್ಲಿ ನೇತುಹಾಕಬೇಡಿ. ಕ್ಯಾನಿನ ಮೈಗೆ ಟೇಪು ಹಚ್ಚಿ, ಮೇಲೊಂದು ಫೋಮ್ ತುಂಡು ಅಂಟಿಸಿ. ಗಾಳಿಯ ಶಾಖ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಮಜ್ಜಿಗೆಯದು ನಿಧಾನ. ಗಾಳಿಯನ್ನು ನಂಬಿದ ಕಂಟ್ರೋಲರ್ ಕಂಪ್ರೆಸರನ್ನು ಪದೇ ಪದೇ ಹಚ್ಚಿ ಆರಿಸಿ ಸುಸ್ತು ಮಾಡುತ್ತದೆ. ಮಜ್ಜಿಗೆಗೆ 6 ಡಿಗ್ರಿ, 2 ಡಿಗ್ರಿ ಅಂತರ, 5 ನಿಮಿಷದ ತಡೆ. ಬಿಸಿಲಲ್ಲಿ ಬೆವರಿ ಬಂದವರಿಗೆ ಇದಕ್ಕಿಂತ ತಂಪು ಹಿತವಲ್ಲ, ಗಂಟಲು ಹಿಡಿಯುತ್ತದೆ.

ರಾತ್ರಿಯೇ ತುಂಬಿಸಿ

ಹೊಸದಾಗಿ ಮಾಡಿದವರೆಲ್ಲ ಬೆಳಗ್ಗೆ ಎಂಟಕ್ಕೆ ತುಂಬಿಸಿ ಹನ್ನೊಂದಕ್ಕೆ “ತಣ್ಣಗಾಗವಲ್ದು” ಎನ್ನುತ್ತಾರೆ. ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 4.2 ಕಿಲೋಜೂಲ್ ಶಾಖ ತೆಗೆಯಬೇಕು. 18 ಲೀಟರನ್ನು 34ರಿಂದ 8 ಡಿಗ್ರಿಗೆ ಇಳಿಸಲು ಸುಮಾರು 1,960 ಕಿಲೋಜೂಲ್. ಸಣ್ಣ ಫ್ರಿಜ್ಜೊಂದು 100 ವ್ಯಾಟಿನಂತೆ ಎಡೆಬಿಡದೆ ಶಾಖ ಎಳೆದರೂ ಐದೂವರೆ ತಾಸು. ಬಾಗಿಲ ಸೋರಿಕೆ, ಹೊರಗಿನ ಧಗೆ ಸೇರಿಸಿದರೆ ಒಂಬತ್ತು ಹತ್ತು ತಾಸು ಹಿಡಿಯಿರಿ. ಇದು ಮನೆಯಲ್ಲಿ ಮಲಗಿರುವಾಗ ನಡೆಯಬೇಕಾದ ಕೆಲಸ. ರಾತ್ರಿ ಗಾಳಿಯೂ ತಂಪು, ಫ್ರಿಜ್ಜಿಗೂ ಹಗುರ.

ನಾನು ಮಾಡುವುದು ಹೀಗೆ. ರಾತ್ರಿ ಒಂಬತ್ತಕ್ಕೆ ಕಾಯಿಸಿ ಆರಿಸಿದ 14 ಲೀಟರ್ ನೀರನ್ನು ಕ್ಯಾನಿಗೆ ಹಾಕಿ ಬಾಗಿಲು ಹಾಕುತ್ತೇನೆ. ಆ ನೀರನ್ನು ಅದಕ್ಕೆ ಮುಂಚೆ ಎರಡು ತಾಸು ಹರವಿಯಲ್ಲಿಟ್ಟಿರುತ್ತೇನೆ. ಹರವಿ ಪುಕ್ಕಟೆಯಾಗಿ ಆರೇಳು ಡಿಗ್ರಿ ಇಳಿಸಿಕೊಡುವಾಗ ಅದನ್ನೂ ಕರೆಂಟಿನಿಂದಲೇ ಏಕೆ ಮಾಡಿಸಬೇಕು? ಗಟ್ಟಿ ಮೊಸರು 4 ಲೀಟರ್ ಮನೆಯ ಫ್ರಿಜ್ಜಿನಲ್ಲಿರುತ್ತದೆ. ಬೆಳಗ್ಗೆ ಹತ್ತಕ್ಕೆ ಮೊಸರು ಕಡೆದು, ಎರಡು ಸಲ ಸೋಸಿ, ಕ್ಯಾನಿಗೆ ಬೆರೆಸುತ್ತೇನೆ. ಉಪ್ಪು 90 ಗ್ರಾಂ. ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಹುರಿದ ಜೀರಿಗೆ ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡುತ್ತೇನೆ. ಬಿಡಿಯಾಗಿ ಹಾಕಿದರೆ ಕರಿಬೇವಿನ ಒಂದೇ ಎಲೆ ನಳ ಕಟ್ಟಲು ಸಾಕು. ಇಂಗನ್ನು ಚಿಟಿಕೆಯಷ್ಟು ನೀರಲ್ಲಿ ಕದಡಿ ಕೊನೆಗೆ. 150 ಮಿ.ಲೀ. ಲೋಟದಲ್ಲಿ ಕೊಟ್ಟರೆ 120 ಜನಕ್ಕೆ ಆಗುತ್ತದೆ.

ಮಜ್ಜಿಗೆ ನಿಂತರೆ ಗಸಿ ಕೆಳಗೆ, ತಿಳಿ ಮೇಲೆ. ನಳ ತಳದಲ್ಲಿರುವುದರಿಂದ ಮೊದಲು ಬಂದವರಿಗೆ ಗಟ್ಟಿ, ಕೊನೆಗೆ ಬಂದವರಿಗೆ ಬರೀ ನೀರು ಸಿಗುತ್ತದೆ. ತಾಸಿಗೊಮ್ಮೆ ಉದ್ದ ಸೌಟಿನಿಂದ ತಳದವರೆಗೆ ತಿರುವಿ. ದಿನದಲ್ಲಿ ಬಾಗಿಲು ತೆರೆಯಲು ಇರುವ ಕಾರಣ ಇದೊಂದೇ. ನಳ ಬಹಳ ಹೊತ್ತು ಸುಮ್ಮನಿದ್ದರೆ ಬಾಗಿಲೊಳಗಿನ ನಿಪ್ಪಲ್ಲು, ನಳ ಎರಡೂ ಬಿಸಿಯಾಗಿ ಮೊದಲ ಗುಟುಕು ಬೆಚ್ಚಗೆ ಬರುತ್ತದೆ. ಅದನ್ನು ಬುಟ್ಟಿಗೆ ಬಿಟ್ಟು ಆಮೇಲೆ ಲೋಟ ಹಿಡಿಯಿರಿ.

ಸಂಜೆ ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಮನೆಯಲ್ಲಿ ಕಡಿ (ಮಜ್ಜಿಗೆ ಸಾರು) ಮಾಡಲು ಬಳಸಿ, ಇಲ್ಲವೇ ನೀರು ಬೆರೆಸಿ ಕರಿಬೇವಿನ ಗಿಡಕ್ಕೆ ಹಾಕಿ.

ತೊಳೆಯುವುದು

ಪ್ರತಿ ಸಂಜೆ, ತಪ್ಪದೆ. ಮೊದಲು ತಣ್ಣೀರಿನಿಂದ ಜಾಲಿಸಿ. ನೇರ ಕುದಿನೀರು ಹಾಕಿದರೆ ಹಾಲಿನ ಅಂಶ ಬೆಂದು ಪೈಪಿನ ಒಳಮೈಗೆ ಅಂಟುತ್ತದೆ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಪೈಪಿಗೆ ಬಾಟಲಿ ಬ್ರಷ್ಷು. ಕೊನೆಗೆ ಕುದಿನೀರು ಹರಿಸಿ ಪೈಪನ್ನು ನೇತುಹಾಕಿ ಒಣಗಿಸಿ. ನಳವನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಿ, ಅದರ ಗುಂಡಿಯ ಹಿಂದೆ ಸಿಕ್ಕಿಕೊಂಡಿದ್ದೇ ವಾಸನೆಯ ಮೂಲ. ಸ್ಟೀಲಿನ ಒಳಮೈಗೆ ಬಿಳಿ ಪೊರೆ ಕಟ್ಟಿದರೆ ನಿಂಬೆ ಉಪ್ಪು ಕರಗಿಸಿದ ನೀರನ್ನು ಅರ್ಧ ತಾಸು ತುಂಬಿಡಿ, ಬಿಡುತ್ತದೆ. ಬ್ಲೀಚಿಂಗ್ ಬೇಡ, ಸ್ಟೀಲಿಗೆ ಚುಕ್ಕೆ ಬೀಳುತ್ತದೆ.

ಫ್ರೀಜರಿನಲ್ಲಿ ಬೆರಳುದ್ದ ಮಂಜು ಕಟ್ಟಿದರೆ ತಂಪು ಕೆಳಗಿಳಿಯದು. ವಾರಕ್ಕೊಮ್ಮೆ ಆರಿಸಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕುವುದು ಬೇಡ. ಹಿಂದಿನ ಜಾಲರಿಗೆ ನಮ್ಮೂರ ಧೂಳು ಹದಿನೈದು ದಿನದಲ್ಲಿ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ, ಪ್ಲಗ್ಗು ತೆಗೆದು ಒಣ ಬ್ರಷ್ಷಿನಿಂದ ಉದುರಿಸಿ. ಕರೆಂಟಿನ ಖರ್ಚು ಕೇಳುವವರಿಗೆ: 120 ವ್ಯಾಟಿನ ಕಂಪ್ರೆಸರ್ ದಿನಕ್ಕೆ 16 ತಾಸು ಓಡಿದರೆ ಎರಡು ಯೂನಿಟ್ಟಿಗೆ ತುಸು ಕಡಿಮೆ.

ಮಿರಗ (ಮೃಗಶಿರಾ) ಮಳೆ ಬಿದ್ದ ಮೇಲೆ ಪೆಟ್ಟಿಗೆಯ ಕೆಲಸ ಮುಗಿಯುತ್ತದೆ. ಪ್ಲಗ್ಗು ಕಿತ್ತು, ಪೈಪು ನಳ ಬಿಚ್ಚಿ ಒಣ ಡಬ್ಬಿಯಲ್ಲಿಡಿ. ನಿಪ್ಪಲ್ಲಿನ ಬಾಯಿಗೆ ಸ್ಟೀಲ್ ಮುಚ್ಚಳ ತಿರುಗಿಸಿ, ಇಲ್ಲವಾದರೆ ಇರುವೆ ಸಾಲು ಹಿಡಿಯುತ್ತದೆ. ಬಾಗಿಲ ಸಂದಿಗೆ ಎರಡು ಬೆರಳು ದಪ್ಪದ ಕಟ್ಟಿಗೆ ತುಂಡು ಇಟ್ಟು, ಪೂರ್ತಿ ಹಾಕಿಕೊಳ್ಳದಂತೆ, ಮಕ್ಕಳಿಗೆ ತೆರೆಯಲೂ ಬಾರದಂತೆ ಸುತ್ತ ಹಗ್ಗ ಕಟ್ಟಿ. ಒಳಗೊಂದು ಬಟ್ಟಲಲ್ಲಿ ಇದ್ದಿಲು ಇಟ್ಟರೆ ಮುಂದಿನ ಮಾರ್ಚಿನವರೆಗೆ ವಾಸನೆ ಹಿಡಿಯುವುದಿಲ್ಲ.